ಕ್ರೀಡಾಪಟುವಿನ ಬ್ಯಾಂಕ್ ಖಾತೆಯೂ ಅದರ ಬೀಗದ ಕೈಯೂ

ಕಾರವಾರಕ್ಕೂ ಅಂಕೋಲೆಗೂ ನಡುವಣ ಚೆಂಡಿಯಾದಂತಹ ಊರಿನ ತರುಣನೊಬ್ಬನು ಕಬಡ್ಡಿಯಲ್ಲಿ ನಿಪುಣನಾಗಿ ವೃತ್ತಿಪರ ತಂಡವೊಂದಕ್ಕೆ ಆಯ್ಕೆಯಾದನೆಂದು ಭಾವಿಸೋಣ. ಅವನಿಗೆ ದೊರೆಯುವ ಹಣವೆಷ್ಟೆಂಬುದು ಮರುದಿನವೇ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅವನು ಯಾವ ದಿನ, ಯಾವ ಗಂಟೆಗೆ, ಯಾವ ಊರಿನಲ್ಲಿ ಆಡುವನೆಂಬುದೂ ಪ್ರಕಟವಾಗುತ್ತದೆ. ಆ ಹೊತ್ತಿನಲ್ಲಿ ಅವನ ಫೋನು ಅವನ ಕೈಯಲ್ಲಿರುವುದಿಲ್ಲ. ಗುಮಾಸ್ತನ ಅಥವಾ ವ್ಯಾಪಾರಿಯ ವಿಷಯದಲ್ಲಿ ವಂಚಕನು ಕಷ್ಟಪಟ್ಟು ಸಂಗ್ರಹಿಸಬೇಕಾದ ಸಂಗತಿಗಳೆಲ್ಲವೂ ಆಟಗಾರನ ವಿಷಯದಲ್ಲಿ ಬಹಿರಂಗವಾಗಿಯೇ ಇರುತ್ತವೆ. ಇದಲ್ಲದೆ ಆಟಗಾರನು ಗಳಿಸುವ ಕಾಲವು ಹತ್ತು ಹನ್ನೆರಡು ವರ್ಷಗಳಿಗಿಂತ ಹೆಚ್ಚಿರುವುದು ಅಪೂರ್ವ. ಕಳೆದ ಹಣವನ್ನು ಮತ್ತೆ ದುಡಿಯುವ ಅವಕಾಶವು ಅವನಿಗೆ ಇಲ್ಲದೆ ಹೋಗಬಹುದು.

ಈ ವಂಚನೆ ನಡೆಯುವ ಬಗೆಯನ್ನು ತಿಳಿಯಬೇಕಾದರೆ, ಬ್ಯಾಂಕು ತನ್ನ ಗ್ರಾಹಕನನ್ನು ಗುರುತಿಸುವುದು ಹೇಗೆಂಬುದನ್ನು ಮೊದಲು ವಿಚಾರಿಸಬೇಕು. ಹಿಂದೆ ಶಾಖೆಯ ಗುಮಾಸ್ತನು ಮುಖವನ್ನೂ ರುಜುವನ್ನೂ ನೋಡಿ ಗುರುತಿಸುತ್ತಿದ್ದನು. ಇಂದು ಆ ಕೆಲಸವನ್ನು ಬಹುಮಟ್ಟಿಗೆ ಯಂತ್ರವು ಮಾಡುತ್ತದೆ. ಯಂತ್ರವು ಮನುಷ್ಯನನ್ನು ಅರಿಯದು; ಅವನ ಗುರುತುಗಳನ್ನು ಮಾತ್ರ ಅರಿಯುತ್ತದೆ. ನೋಂದಾಯಿಸಿದ ಫೋನ್ ಸಂಖ್ಯೆ, ಗುಪ್ತಪದ, ಒಂದೇ ಸಲಕ್ಕೆ ಸಲ್ಲುವ ಓಟಿಪಿ - ಇವು ಯಾರ ಕೈಯಲ್ಲಿವೆಯೋ ಅವನೇ ಅದರ ಪಾಲಿಗೆ ಖಾತೆದಾರನು.

ಈ ಗುರುತುಗಳನ್ನು ಊಹಿಸುವುದು ಸುಲಭವೇ? ಲೆಕ್ಕ ಹಾಕಿ ನೋಡೋಣ. ಆರು ಅಂಕೆಗಳ ಓಟಿಪಿಯು 000000 ದಿಂದ 999999 ರವರೆಗಿನ ಯಾವ ಸಂಖ್ಯೆಯಾದರೂ ಆಗಬಹುದು. ಎಂದರೆ ಒಟ್ಟು 10 ಲಕ್ಷ ಸಾಧ್ಯತೆಗಳು. ಮೂರು ಸಲ ಬೇರೆ ಬೇರೆ ಸಂಖ್ಯೆಗಳನ್ನು ಪ್ರಯತ್ನಿಸಲು ಅವಕಾಶವಿದ್ದರೆ ಗೆಲ್ಲುವ ಸಂಭವವು 10 ಲಕ್ಷದಲ್ಲಿ 3 ಮಾತ್ರ. ಆದುದರಿಂದ ವಂಚಕನು ಬೀಗವನ್ನು ಮುರಿಯಲು ಹೋಗುವುದಿಲ್ಲ. ಬೀಗದ ಕೈಯನ್ನು ಒಡೆಯನಿಂದಲೇ ಪಡೆಯುತ್ತಾನೆ.

2022ರ ಡಿಸೆಂಬರಿನಲ್ಲಿ ಮಾಜಿ ಕ್ರಿಕೆಟ್ ಆಟಗಾರ ವಿನೋದ್ ಕಾಂಬ್ಳಿಯವರಿಗೆ ಮುಂಬಯಿಯಲ್ಲಿ ಹೀಗೆಯೇ ಆಯಿತು. ಬ್ಯಾಂಕಿನವನೆಂದು ಹೇಳಿಕೊಂಡವನೊಬ್ಬನು ಕೆವೈಸಿ ವಿವರಗಳನ್ನು ನವೀಕರಿಸಬೇಕೆಂಬ ನೆಪ ಹೂಡಿ, ದೂರದಿಂದ ಪರದೆಯನ್ನು ನೋಡಬಲ್ಲ ಆ್ಯಪೊಂದನ್ನು ಅವರ ಸಾಧನದಲ್ಲಿ ಹಾಕಿಸಿದನು. ಖಾತೆಯಿಂದ ಸುಮಾರು 1 ಲಕ್ಷ 14 ಸಾವಿರ ರೂಪಾಯಿ ಹೊರಟುಹೋಯಿತು. ಇಂತಹ ಆ್ಯಪು ಕನ್ನಡಿಯಂತೆ ಕೆಲಸ ಮಾಡುತ್ತದೆ: ಒಡೆಯನ ಪರದೆಯ ಮೇಲೆ ಮೂಡಿದುದೆಲ್ಲವೂ ಅದೇ ಕ್ಷಣದಲ್ಲಿ ವಂಚಕನ ಪರದೆಯ ಮೇಲೂ ಮೂಡುತ್ತದೆ. ಓಟಿಪಿಯನ್ನು ಬಾಯಿಬಿಟ್ಟು ಹೇಳದಿದ್ದರೂ ಅದು ಅವನಿಗೆ ತಿಳಿದಂತೆಯೇ. ಕಾಂಬ್ಳಿಯವರು ತಡಮಾಡದೆ ದೂರು ಕೊಟ್ಟುದರಿಂದ ಪೊಲೀಸರು ಬ್ಯಾಂಕನ್ನು ಸಂಪರ್ಕಿಸಿ ಹಣವನ್ನು ಮರಳಿಸುವಂತೆ ಮಾಡಿದರು.

ಎರಡನೆಯ ಬಗೆಯು ಸಿಮ್ ಬದಲಾವಣೆ. ವಂಚಕನು ಸುಳ್ಳು ದಾಖಲೆಗಳನ್ನು ತೋರಿಸಿ ಆಟಗಾರನ ಸಂಖ್ಯೆಗೇ ಹೊಸ ಸಿಮ್ ಪಡೆಯುತ್ತಾನೆ. ಹಳೆಯ ಸಿಮ್ ನಿರ್ಜೀವವಾಗಿ, ಓಟಿಪಿಗಳೆಲ್ಲವೂ ವಂಚಕನಿಗೆ ತಲಪುತ್ತವೆ. ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಕ್ಷೀಣವಾಗುವುದು ನಮ್ಮ ಸೀಮೆಯಲ್ಲಿ ಸಾಮಾನ್ಯವಾದುದರಿಂದ ಇದನ್ನು ಯಾರೂ ಶಂಕಿಸದೆ ಇರಬಹುದು. ಆದರೆ ಪರೀಕ್ಷೆಯು ಸರಳವಾಗಿದೆ. ಗುಡ್ಡವು ರೇಡಿಯೋ ಅಲೆಗಳನ್ನು ತಡೆದಿದ್ದರೆ ಅದೇ ಕಂಪೆನಿಯ ಇತರ ಫೋನುಗಳಿಗೂ ಅಲ್ಲಿ ಸಿಗ್ನಲ್ ದೊರೆಯದು. ಪಕ್ಕದವರ ಫೋನು ನಡೆಯುತ್ತಿದ್ದು ನಮ್ಮದು ಮಾತ್ರ ಬಹುಕಾಲ ಮೌನವಾಗಿದ್ದರೆ, ಕೂಡಲೇ ಕಂಪೆನಿಯನ್ನೂ ಬ್ಯಾಂಕನ್ನೂ ವಿಚಾರಿಸತಕ್ಕದ್ದು.

ಮೂರನೆಯ ಬಗೆಯಲ್ಲಿ ವಂಚಕನು ಅಪರಿಚಿತನಲ್ಲ. ಅಮೆರಿಕದಲ್ಲಿ ಆಡುವ ಜಪಾನಿನ ಬೇಸ್‌ಬಾಲ್ ಆಟಗಾರ ಶೋಹೆಯಿ ಓತಾನಿಯವರು 2018ರಲ್ಲಿ ಅರಿಜೋನಾದಲ್ಲಿ ಬ್ಯಾಂಕ್ ಖಾತೆ ತೆರೆದಾಗ ಅವರ ದುಭಾಷಿ ಇಪ್ಪೆಯಿ ಮಿಜುಹಾರ ಜೊತೆಯಲ್ಲಿದ್ದು ನೆರವಾದನು. ಮುಂದೆ ಜೂಜಿನ ಸಾಲಕ್ಕೆ ಸಿಲುಕಿದ ಅವನು ಖಾತೆಯ ಫೋನ್ ಸಂಖ್ಯೆಯನ್ನೂ ಈಮೇಲ್ ವಿಳಾಸವನ್ನೂ ಬದಲಿಸಿ ತನ್ನವನ್ನು ಸೇರಿಸಿದನು. ಫೋನಿನಲ್ಲಿ ತಾನೇ ಓತಾನಿಯೆಂದು ಹೇಳಿ ಬ್ಯಾಂಕನ್ನು ನಂಬಿಸಿದನು. ಹೋದ ಹಣವು ಸುಮಾರು 1 ಕೋಟಿ 70 ಲಕ್ಷ ಡಾಲರು. 2025ರ ಫೆಬ್ರವರಿಯಲ್ಲಿ ನ್ಯಾಯಾಲಯವು ಅವನಿಗೆ 57 ತಿಂಗಳುಗಳ ಸೆರೆವಾಸವನ್ನು ವಿಧಿಸಿತು. ಬ್ಯಾಂಕಿನ ಎಚ್ಚರಿಕೆಯ ಕರೆಗಳು ಒಡೆಯನಿಗೆ ಹೋಗದೆ ಕಳ್ಳನಿಗೇ ಹೋಗುವಂತಾದುದು ಇಲ್ಲಿಯ ಮರ್ಮ.

ಪರಿಚಯದ ಬಲದಿಂದ ಹಣ ಹೋಗುವುದು ಖಾತೆಯ ಹೊರಗೂ ಉಂಟು. 2018ರಲ್ಲಿ ಬೆಂಗಳೂರಿನ ಹೂಡಿಕೆ ಸಂಸ್ಥೆಯೊಂದರ ಮೇಲೆ ರಾಹುಲ್ ದ್ರಾವಿಡ್ ಅವರು ದೂರು ಕೊಟ್ಟರು. ಕ್ರೀಡಾವಲಯದ ಪರಿಚಿತರ ಮೂಲಕ ಆ ಸಂಸ್ಥೆಯು ಹೂಡಿಕೆದಾರರನ್ನು ಸೆಳೆದಿತ್ತೆಂದು ಪೊಲೀಸರು ಆಗ ತಿಳಿಸಿದ್ದರು.

ಇನ್ನು ರಕ್ಷಣೆಯ ಉಪಾಯಗಳನ್ನು ನೋಡೋಣ. ಮೊದಲನೆಯದಾಗಿ, ಖಾತೆಗೆ ನೋಂದಾಯಿಸಿದ ಸಂಖ್ಯೆಯೂ ಈಮೇಲೂ ಖಾತೆದಾರನ ಸ್ವಂತದ್ದೇ ಆಗಿರಬೇಕು. ತರಬೇತುದಾರನದಾಗಲಿ, ವ್ಯವಸ್ಥಾಪಕನದಾಗಲಿ ಆಗಿರಕೂಡದು. ಎರಡನೆಯದಾಗಿ, ಗಳಿಕೆಯು ಬಂದು ಸೇರುವ ಖಾತೆಯೇ ಬೇರೆ, ದಿನಬಳಕೆಯ ಖಾತೆಯೇ ಬೇರೆ ಇರುವುದು ಲೇಸು. ದೊಡ್ಡ ಖಾತೆಗೆ ಯುಪಿಐ ಜೋಡಿಸದಿದ್ದರೆ, ಫೋನಿನ ಯುಪಿಐ ಕಳವಾದರೂ ನಷ್ಟವು ಸಣ್ಣ ಖಾತೆಗೆ ಸೀಮಿತವಾಗುತ್ತದೆ. ಮೂರನೆಯದಾಗಿ, ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಅದನ್ನು ಮುಗಿಸಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನಾವೇ ಕರೆ ಮಾಡಬೇಕು. ಒಂದು ಉಷ್ಣಮಾಪಕವು ಸರಿಯೋ ತಪ್ಪೋ ಎಂಬುದನ್ನು ಅದರಿಂದಲೇ ತಿಳಿಯಲಾಗದು, ಮತ್ತೊಂದು ಬೇಕು. ಅಂತೆಯೇ ಕರೆಯ ಸತ್ಯಾಸತ್ಯವನ್ನು ಆ ಕರೆಯಿಂದಲೇ ನಿರ್ಣಯಿಸಲಾಗದು. ನಾಲ್ಕನೆಯದಾಗಿ, ಹಣವನ್ನು ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ; ಬಹುಮಾನದ ಹಣವನ್ನು ಪಡೆಯಲು ಪಿನ್ ಒತ್ತಿರೆಂದು ಹೇಳುವವನು ವಂಚಕನೇ ಸರಿ. ಐದನೆಯದಾಗಿ, ಪ್ರತಿ ತಿಂಗಳೂ ಖಾತೆಯ ಲೆಕ್ಕಪಟ್ಟಿಯನ್ನು ಬ್ಯಾಂಕಿನಿಂದ ನೇರವಾಗಿ ಪಡೆದು ಸ್ವತಃ ಓದಬೇಕು.

ಇಷ್ಟಾದರೂ ಹಣ ಹೋಯಿತೆಂದರೆ ನಾಚಿಕೆಯಿಂದ ಸುಮ್ಮನಿರಲಾಗದು. ಕಳವಾದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಹರಿಯುತ್ತ ಹೋಗುವುದರಿಂದ ಪ್ರತಿ ನಿಮಿಷವೂ ಅಮೂಲ್ಯವಾದುದು. ಬ್ಯಾಂಕಿಗೂ 1930 ಸಂಖ್ಯೆಯ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೂ ಕೂಡಲೇ ತಿಳಿಸಬೇಕು. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನು ನಷ್ಟ ಹೊರಬೇಕಾಗಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯು ವಿಧಿಸಿತು. ಗುಪ್ತಸಂಖ್ಯೆಯನ್ನು ತಾನೇ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟವು ಅವನದೇ ಎಂದೂ ಅದರಲ್ಲಿ ಹೇಳಿತ್ತು. ಎರಡು ಸಂದರ್ಭಗಳಲ್ಲಿಯೂ ಬೇಗ ತಿಳಿಸಿದವನಿಗೇ ಲಾಭ.

ವಿದ್ಯಾರ್ಥಿಗಳು ಇಂದೇ ಒಂದು ಅಭ್ಯಾಸವನ್ನು ಮಾಡಬಹುದು. ಮನೆಯವರ ಒಪ್ಪಿಗೆ ಪಡೆದು, ಪ್ರತಿಯೊಂದು ಖಾತೆಗೂ ಯಾರ ಫೋನ್ ಸಂಖ್ಯೆಯು ನೋಂದಾಯಿತವಾಗಿದೆಯೆಂದು ಶಾಖೆಯಲ್ಲಿ ವಿಚಾರಿಸಿರಿ. ಅದು ಮರೆತುಹೋದ ಹಳೆಯ ಸಂಖ್ಯೆಯೋ ಇನ್ನೊಬ್ಬರ ಸಂಖ್ಯೆಯೋ ಆಗಿದ್ದರೆ ತಿದ್ದಿಸಲು ಅದೇ ಸಮಯ. ನಾಳೆ ನಿಮ್ಮಲ್ಲೊಬ್ಬರು ಆಟದಿಂದ ಗಳಿಸುವಂತಾದಾಗಲೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ.