ದುಡ್ಡಿನ ಜಾಯಮಾನ

ಡಯಾಲಿಸಿಸ್ ಯಂತ್ರ ಕೊಡಿಸುತ್ತೇವೆ ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಯಂತ್ರ ನಡೆಸುವ ಹುಡುಗನಿಗೆ ಸಂಬಳ ಕೊಡುತ್ತೇವೆ ಎನ್ನುವವರನ್ನು ಹುಡುಕಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಚಪ್ಪಲಿ ಸವೆಸಿದವನು ನಾನು. ಹೈಸ್ಕೂಲು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಗೆಳೆಯರ ಸಣ್ಣ ಆರೋಗ್ಯ ಟ್ರಸ್ಟಿಗೆ ಸೇರಿಕೊಂಡೆ. 'ನಿಮ್ಮ ಶಿಷ್ಯರು ಎಲ್ಲ ಊರಲ್ಲೂ ಇದ್ದಾರಲ್ಲ, ದೊಡ್ಡ ದಾನಿಗಳನ್ನ ನೀವೇ ನೋಡಿಕೊಳ್ಳಿ' ಎಂದು ಆ ಹೊಣೆಯನ್ನು ನನ್ನ ತಲೆಗೆ ಕಟ್ಟಿದರು.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್‌ಗೆಂದು 2016ರಿಂದ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಅಲ್ಲಿ ಸರದಿ ಸಿಗದವರು ನಮ್ಮ ಟ್ರಸ್ಟಿನ ಡಯಾಲಿಸಿಸ್ ಕೇಂದ್ರಕ್ಕೆ ಬರುತ್ತಾರೆ. ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ನಾಲ್ಕು ಗಂಟೆ. ಆ ನಾಲ್ಕು ಗಂಟೆಯಲ್ಲಿ ಒಬ್ಬ ರೋಗಿಯ ಯಂತ್ರದೊಳಗೆ ಸುಮಾರು 120 ಲೀಟರ್ ಶುದ್ಧ ನೀರು ಹರಿದು ಹೋಗಬೇಕು. ನಮ್ಮದು ಬಂಡೆಯ ಸೀಮೆ, ಬೋರ್‌ವೆಲ್ ನೀರು ಗಡಸು. ಅದನ್ನು ಶುದ್ಧಮಾಡುವ ಆರ್‌ಒ ಘಟಕದ ಮೆಂಬ್ರೇನ್ ಕಾಲಕಾಲಕ್ಕೆ ಬದಲಾಯಿಸಬೇಕು, ಕರೆಂಟು ಹೋದರೆ ಜನರೇಟರ್‌ಗೆ ಡೀಸೆಲ್ ಹಾಕಬೇಕು, ರಕ್ತ ಏರಲು ಇಂಜೆಕ್ಷನ್ ಕೊಡಬೇಕು. ಮೆಂಬ್ರೇನಿನ ಮೇಲೆ, ಡೀಸೆಲಿನ ಮೇಲೆ ಯಾರ ಹೆಸರೂ ಕೆತ್ತಿಸಲಾಗದು. ಯಂತ್ರಕ್ಕಾದರೆ ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಬಹುದು, ಫೋಟೋ ತೆಗೆಸಬಹುದು.

ಯಾರ ಬಳಿ ಹೋದರೂ ಮೊದಲು ಸಿಗುವುದು ಸಲಹೆ: 'ಇನ್ಫೋಸಿಸ್‌ನವರನ್ನ ಕೇಳಿ ಮೇಷ್ಟ್ರೇ.' ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಇನ್ಫೋಸಿಸ್ ಫೌಂಡೇಶನ್ 350 ಹಾಸಿಗೆಗಳ ಕಟ್ಟಡವನ್ನೇ ಕಟ್ಟಿಸಿಕೊಟ್ಟಿದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 800 ಹಾಸಿಗೆಗಳ ಆಸ್ಪತ್ರೆಗೆಂದು ಭಾರತೀಯ ವಿಜ್ಞಾನ ಸಂಸ್ಥೆಗೆ 425 ಕೋಟಿ ಕೊಟ್ಟರು. ಹಿಂದೆ ಹಾಜಿ ಸರ್ ಇಸ್ಮಾಯಿಲ್ ಸೇಠರು ಗೋಷಾ ಆಸ್ಪತ್ರೆ ಕಟ್ಟಿಸಿದರು. ಅವೆಲ್ಲ ಬೆಂಗಳೂರಿನ ಅಳತೆ. ನಮ್ಮ ನಾಲ್ಕು ಊರುಗಳಲ್ಲಿ ಹತ್ತು ಲಕ್ಷ ಕೊಟ್ಟವರು ಮಹಾದಾನಿಗಳೇ.

ತಿರುಗಾಡುತ್ತ ತಿಳಿದದ್ದು ಇಷ್ಟು: ದಾನಿಯ ಮನಸ್ಸು ಓದುವುದಕ್ಕಿಂತ ಮುಂಚೆ ದುಡ್ಡಿನ ಜಾಯಮಾನ ಓದಬೇಕು. ಎಲ್ಲಿಂದ ಬಂದ ದುಡ್ಡು, ಅದಕ್ಕೆ ಯಾವ ಕಟ್ಟುಪಾಡು, ಅದು ಯಾವುದಕ್ಕೆ ಒಗ್ಗುತ್ತದೆ, ಯಾವುದಕ್ಕೆ ಒಗ್ಗುವುದಿಲ್ಲ.

ಇದನ್ನು ನನಗೆ ಮೊದಲು ಹೇಳಿಕೊಟ್ಟವರು ರಾಮನಗರದ ಒಬ್ಬ ರೀಲರ್, ರೇಷ್ಮೆಗೂಡಿನಿಂದ ನೂಲು ತೆಗೆಸುವವರು. ಏಷ್ಯಾದಲ್ಲೇ ದೊಡ್ಡದೆನಿಸಿಕೊಂಡ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜು ಮುಗಿಸಿ ಬಂದು ಫಿಲೇಚರಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರಂಜಾನ್ ತಿಂಗಳು. ಒಳಗೆ ಬೇಸಿನ್‌ಗಳಿಂದ ಹಬೆ ಏಳುತ್ತಿತ್ತು. ಬೆಂದ ಹುಳುವಿನ ವಾಸನೆ ಹೊಸಬರಿಗೆ ತಡೆಯಲಾಗದ್ದು, ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಎಳೆ ಹುಡುಕುವ ಹೆಂಗಸರ ಬೆರಳ ತುದಿ ಬೆಳ್ಳಗೆ ಸುಕ್ಕಾಗಿತ್ತು. ನಾನು ಯಂತ್ರದ ಮಾತೆತ್ತಿದೆ. ಅವರು ನಿಧಾನಕ್ಕೆ, 'ಮೇಷ್ಟ್ರೇ, ಜಕಾತ್ ಕಾಸು ಮೆಷಿನ್‌ಗೆ ಹಾಕಂಗಿಲ್ಲ. ಗರೀಬ್ ಮನುಷ್ಯನ ಕೈಗೇ ಸೇರ್ಬೇಕು, ಅವನ್ದೇ ಆಗ್ಬೇಕು' ಅಂದರು.

ವರ್ಷವಿಡೀ ಕೈಯಲ್ಲುಳಿದ ಸಂಪತ್ತಿನಲ್ಲಿ ನೂರಕ್ಕೆ ಎರಡೂವರೆ ಪಾಲು ಜಕಾತ್. ಕಟ್ಟಡ, ಯಂತ್ರ, ಸಂಬಳಗಳಿಗೆ ಅದು ಸಲ್ಲದು ಎನ್ನುವುದೇ ಹೆಚ್ಚಿನ ಉಲೇಮಾಗಳ ಅಭಿಪ್ರಾಯ. ಹಾಗಾದರೆ ರೋಗಿಯ ಇಂಜೆಕ್ಷನ್ನಿಗೆ, ಬಸ್ ಖರ್ಚಿಗೆ? ಅದಕ್ಕೆ ಅಡ್ಡಿಯಿಲ್ಲ, ಅವರ ಕೈಗೇ ಕೊಡಿ ಎಂದರು. ಜಕಾತ್ ತಮ್ಮ ಸಮುದಾಯದ ಬಡವರಿಗೆ ಎಂದು ಒಂದು ಮೊತ್ತ ಕೊಟ್ಟು, 'ಇದು ಸದಕಾ, ಯಾರಿಗಾದ್ರೂ ಕೊಡಿ, ಇದ್ಕೆ ಜಾತಿ ಇಲ್ಲ' ಎಂದು ಸ್ವಇಚ್ಛೆಯ ದಾನವಾಗಿ ಇನ್ನೊಂದು ಮೊತ್ತ ಸೇರಿಸಿದರು. ಎರಡಕ್ಕೂ ಬೇರೆ ಬೇರೆ ಪುಸ್ತಕ ಇಟ್ಟೆವು. ಮುಂದಿನ ರಂಜಾನ್‌ಗೆ ಪುಸ್ತಕ ಹಿಡಿದುಕೊಂಡು ಹೋಗಿ ಸಾಲು ಸಾಲಾಗಿ ಓದಿ ಹೇಳಿದ್ದಕ್ಕೆ, ಅವರು ಪಕ್ಕದ ಬೀದಿಯ ಇಬ್ಬರು ರೀಲರ್‌ಗಳನ್ನು ಕರೆಸಿ ಕೂರಿಸಿದರು. ರೀಲರ್‌ಗಳ ಬಳಿ ಹೋಗುವವರು ಇನ್ನೊಂದು ತಿಳಿದಿರಬೇಕು: ನೂಲಿನ ದರ ಬಿದ್ದ ವಾರ ಆ ಕಡೆ ತಲೆ ಹಾಕಬಾರದು.

ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ದುಡ್ಡಿನ ಕಥೆಯೇ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ ಐದು ಕೋಟಿ ನಿವ್ವಳ ಲಾಭ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಇದೇ ಸಿಎಸ್‌ಆರ್. ಸುತ್ತಲಿನ ಊರುಗಳಿಗೆ ಆದ್ಯತೆ ಕೊಡಬೇಕೆಂದೂ ಅದರಲ್ಲಿದೆ. ಆದರೆ ಅಸಲು ಮುಟ್ಟದೆ ಬಡ್ಡಿ ಮಾತ್ರ ಬಳಸುವ ಮೂಲನಿಧಿಗೆ ಈ ಹಣ ಹಾಕುವಂತಿಲ್ಲ, ಅದನ್ನು 2021ರಲ್ಲಿ ನಿಲ್ಲಿಸಿದರು. ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಆಡಿಟ್, ಕೊಟೇಶನ್‌ಗಳು, ಮೀಟಿಂಗಿನ ಮೇಲೆ ಮೀಟಿಂಗು. ಫೆಬ್ರವರಿ ಬಂತೆಂದರೆ 'ಮಾರ್ಚ್ ಒಳಗೆ ಬಿಲ್ ಕೊಡ್ತೀರಾ ಸಾರ್?' ಎಂದು ಅವರೇ ಫೋನು ಮಾಡುತ್ತಾರೆ. ಹಾಗಾಗಿ ಯಂತ್ರ, ಆರ್‌ಒ, ಜನರೇಟರ್‌ಗಳ ಕೊಟೇಶನ್‌ಗಳನ್ನು ನಾವು ಡಿಸೆಂಬರಿನಲ್ಲೇ ತರಿಸಿ ಇಟ್ಟುಕೊಳ್ಳುತ್ತೇವೆ.

ಉಳಿದದ್ದು ಸಂಬಳ. ಅದಕ್ಕೆ ಪ್ರತಿವರ್ಷ ಬರುವ ಹಣ ಬೇಕು, ಎಂದರೆ ಮೂಲನಿಧಿ ಬೇಕು. ಜಮೀನು ಮಾರಿದವರ, ಭೂಸ್ವಾಧೀನದ ಪರಿಹಾರ ಬಂದವರ ಮನೆಗಳಿಗೆ ಹೋಗಲು ಶುರುಮಾಡಿದೆ. ಪರಿಹಾರದ ದುಡ್ಡಿನ ಜತೆ ಒಂದು ಅಳುಕೂ ಬಂದಿರುತ್ತದೆ: ತಾತನ ಹೊಲ ಹೋಯಿತು, ಕಾರು ಬಂತು, ಮನೆ ಮೇಲೆ ಮನೆ ಎದ್ದಿತು, ಹೊಲದ ಗುರುತು ಮಾತ್ರ ಎಲ್ಲೂ ಉಳಿಯಲಿಲ್ಲ.

ಕನಕಪುರದ ಕಡೆಯ ಒಬ್ಬ ಗೌಡರ ಮನೆಗೆ ಅವರ ಸೋದರಮಾವನ ಮಗನನ್ನೇ ಕರೆದುಕೊಂಡು ಹೋಗಿದ್ದೆ. ಆತ ಆಗಲೇ ತನ್ನ ಪಾಲು ಕೊಟ್ಟಿದ್ದ. ತಾನು ಕೊಡದವನು ಜತೆಗೆ ಬಂದರೆ ಮಾತಿಗೆ ತೂಕವಿರುವುದಿಲ್ಲ. ಕಾಫಿ ಆಯಿತು, ಮಳೆಯ ಮಾತಾಯಿತು. ಗೌಡರು, 'ಕಬ್ಬಾಳಮ್ಮನ ಗುಡೀಲಿ ಸೇವೆ ಮಾಡಿಸ್ತಾನೇ ಇರ್ತೀವಿ. ನಿಮ್ಗೂ ಒಂದೈವತ್ತು ಸಾವ್ರ ಕೊಡ್ತೀನಿ ಬುಡಿ ಮೇಷ್ಟ್ರೇ' ಎಂದರು. ದೇವಸ್ಥಾನದ ಶಾಶ್ವತ ಪೂಜೆಯ ಕ್ರಮವನ್ನೇ ಎತ್ತಿಕೊಂಡೆ. ಅಸಲು ಬ್ಯಾಂಕಿನಲ್ಲಿ, ಬಡ್ಡಿಯಲ್ಲಿ ವರ್ಷಕ್ಕೊಂದು ದಿನ ನಿಮ್ಮ ಹೆಸರಿನ ಪೂಜೆ. ನಮ್ಮಲ್ಲೂ ಹಾಗೆಯೇ ಒಂದು ದಿನ ತೆಗೆದುಕೊಳ್ಳಿ ಎಂದೆ. ಐದು ಯಂತ್ರ, ಎರಡು ಪಾಳಿ, ಹತ್ತು ಜನಕ್ಕೆ ಡಯಾಲಿಸಿಸ್. ಒಬ್ಬರಿಗೆ ಸಾವಿರದೈನೂರರಂತೆ ದಿನಕ್ಕೆ ಹದಿನೈದು ಸಾವಿರ. ಶೇಕಡಾ ಏಳರ ಬಡ್ಡಿಗೆ ಎರಡು ಲಕ್ಷ ಹದಿನೈದು ಸಾವಿರ ಬೇಕು, ಬೆಲೆ ಏರುತ್ತದಾದ್ದರಿಂದ ಎರಡೂವರೆ ಲಕ್ಷ. ಅಂಕಿ ಹೇಳಿ ಬಾಯಿ ಮುಚ್ಚಿಕೊಂಡೆ. 'ತಮಗೆ ತೋಚಿದಷ್ಟು' ಎಂದರೆ ತೋಚುವುದು ಐದು ಸಾವಿರವೇ. ಅಂಕಿ ಹೇಳಿದ ಮೇಲೆ ಮೌನವನ್ನು ತುಂಬಲು ಹೊರಟರೆ ನಾವೇ ರಿಯಾಯಿತಿ ಕೊಟ್ಟುಬಿಡುತ್ತೇವೆ.

ಉತ್ತರ ಬಂದದ್ದು ಒಳಗಿನಿಂದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಅವರ ತಾಯಿ, 'ನಿಮ್ಮಪ್ಪನ ತಿಥಿ ದಿನಕ್ಕೆ ಬರ್ಸು ಮಗ. ನಂದೂ ಒಂದು ದಿನ ಈಗ್ಲೇ ಬರ್ಸ್ಬುಡು, ಆಮೇಲೆ ನೀನು ಮರ್ತ್ಬುಡ್ತೀಯ' ಎಂದರು. ಅಂದಿನಿಂದ ನಮ್ಮ ಕೇಂದ್ರದ ಗುಮಾಸ್ತೆ ಯುಗಾದಿಗೆ ಹೊಸ ಪಂಚಾಂಗ ತರಿಸಿಕೊಳ್ಳುತ್ತಾಳೆ. ತಿಥಿ ಪ್ರತಿವರ್ಷ ಬೇರೆ ತಾರೀಖಿಗೆ ಬೀಳುತ್ತದೆ, ಒಮ್ಮೊಮ್ಮೆ ಭಾನುವಾರಕ್ಕೇ ಬಂದು ಕೂರುತ್ತದೆ. ಭಾನುವಾರ ಕೇಂದ್ರಕ್ಕೆ ರಜೆ. ಅಂಥ ವರ್ಷ ಸೋಮವಾರ ಮಾಡಬಹುದೇ ಎಂದು ಮನೆಯವರನ್ನು ಮುಂಚೆಯೇ ಕೇಳುತ್ತೇವೆ. ಈವರೆಗೆ ಯಾರೂ ಬೇಡ ಎಂದಿಲ್ಲ, ಆದರೆ ಕೇಳಲೇಬೇಕು.

ತೆರಿಗೆ ವಿನಾಯಿತಿಯ ಆಸೆ ತೋರಿಸುವುದನ್ನು ಈಗ ಕಡಿಮೆ ಮಾಡಿದ್ದೇನೆ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ; ಹಳೆಯದರಲ್ಲಿ ಇದ್ದವರಿಗೂ ಎರಡು ಸಾವಿರ ಮೀರಿದ ನಗದಿಗೆ ಇಲ್ಲ. ರಸೀದಿ ಬೇಡ ಎಂದು ನೋಟಿನ ಕಟ್ಟು ಮುಂದೆ ಮಾಡುವವರಿಗೆ ಕೈಮುಗಿದು ಎದ್ದುಬರುತ್ತೇವೆ. ಮೂಲನಿಧಿಗೆ ಕೊಡುವವರಿಂದ 'ಇದು ಮೂಲನಿಧಿಗೆ' ಎಂದು ಬರೆದ ಕಾಗದ ತಪ್ಪದೆ ತೆಗೆದುಕೊಳ್ಳುತ್ತೇವೆ. ಅಮೆರಿಕದಲ್ಲಿರುವ ನಮ್ಮೂರ ಮಕ್ಕಳು ಕೊಡುತ್ತೇವೆಂದಾಗ ಕೇಳುವ ಮೊದಲ ಪ್ರಶ್ನೆ, ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ್ದಾದರೆ ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರರಾಗಿದ್ದರೆ, ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ; ಅದನ್ನು ಪಡೆಯಲು ಸರ್ಕಾರದ ಎಫ್‌ಸಿಆರ್‌ಎ ನೋಂದಣಿ ಬೇಕು. ಎಫ್‌ಸಿಆರ್‌ಎ ನೋಂದಣಿ ಇಲ್ಲದ ನಮ್ಮಂಥವರು ಮುಟ್ಟುವಂತಿಲ್ಲ.

ಸಂಬಳದ ಗಂಟು ಬಿಚ್ಚಿದವರು ಮಾಗಡಿಯಿಂದ ಹೋಗಿ ಬೆಂಗಳೂರಲ್ಲಿ ನೆಲೆಸಿರುವ ಅಣ್ಣತಂಗಿಯರು. ತಂದೆಯ ಮನೆ ಮಾರಿದ ಹಣ, ಪಾಲು ಮಾಡಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ. ಟೆಕ್ನಿಷಿಯನ್ನಿಗೆ ತಿಂಗಳಿಗೆ ಇಪ್ಪತ್ತೈದು ಸಾವಿರ, ವರ್ಷಕ್ಕೆ ಮೂರು ಲಕ್ಷ. ಶೇಕಡಾ ಏಳರಲ್ಲಿ ನಲವತ್ತಮೂರು ಲಕ್ಷದ ದತ್ತಿ. ಅವರ ತಂದೆಯ ಹೆಸರು ಈಗ ಯಂತ್ರದ ಮೇಲಿಲ್ಲ, ಆ ಹುಡುಗನ ನೇಮಕಾತಿ ಪತ್ರದಲ್ಲಿದೆ. ಕೇಂದ್ರಕ್ಕೆ ಬಂದ ತಂಗಿ ಫಲಕ ಹುಡುಕಲಿಲ್ಲ. ಹುಡುಗನಿಗೆ ಮದುವೆಯಾಗಿದೆಯಾ, ಊಟಕ್ಕೇನು ಮಾಡುತ್ತಾನೆ ಎಂದು ವಿಚಾರಿಸಿಕೊಂಡು ಹೋದರು.

ಬ್ಯಾಂಕ್ ಬಡ್ಡಿ ಇಳಿದಾಗಲೆಲ್ಲ ನಮ್ಮ ಲೆಕ್ಕ ತಪ್ಪುತ್ತದೆ. ಹೊಸದಾಗಿ ದಿನ ಬರೆಸುವವರಿಗೆ ಮೂರು ಲಕ್ಷ ಹೇಳುತ್ತಿದ್ದೇವೆ. ಹಳಬರನ್ನು ಉಳಿದದ್ದು ಕೊಡಿ ಎನ್ನಬೇಕೇ ಬೇಡವೇ ಎಂದು ಟ್ರಸ್ಟಿನಲ್ಲಿ ವಾದ ನಡೆದಿದೆ. ಶಾಶ್ವತ ಎಂದು ಮಾತು ಕೊಟ್ಟಾಗಿದೆ, ಕೇಳಬಾರದು ಎನ್ನುವುದು ಖಜಾಂಚಿಯ ಪಟ್ಟು. ದೇವಸ್ಥಾನಗಳಲ್ಲೂ ಸೇವಾ ದರದ ಬೋರ್ಡು ಬದಲಾಗುತ್ತದಲ್ಲ, ಒಂದು ಮಾತು ಕೇಳೋಣ, ಕನಕಪುರದ ಆ ತಾಯಿಯಿಂದಲೇ ಶುರುಮಾಡೋಣ ಎನ್ನುವುದು ನನ್ನದು.