ಚೆನ್ನೈಗೆ ಕೆಲಸಕ್ಕೆ ಬಂದ ಕನ್ನಡಿಗರಿಗೆ ಇಂಗ್ಲಿಷ್ ಸರ್ವನಾಮ

ಹೊಸದಾಗಿ ಚೆನ್ನೈಗೆ ಬಂದು ಹಳೇ ಮಹಾಬಲಿಪುರಂ ರಸ್ತೆ, ಅಂದರೆ ಓಎಂಆರ್‌ನ ಕಚೇರಿಗೆ ಸೇರಿದವರಿಗೆ ತಮಿಳು ಕಲಿಯುವ ತನಕ ಇಂಗ್ಲಿಷೇ ಗತಿ. ಸರ್ವನಾಮದ ವಿಧಗಳನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ನಮ್ಮ ಮಾತಿನ ರೂಢಿ ಎಲ್ಲಿ ಅಡ್ಡ ಬರುತ್ತದೆಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 1: ಕರ್ತೃವನ್ನು ಬಿಡಬೇಡಿ
"ನಾಳೆ ಬರ್ತೀನಿ" ಎಂದರೆ ಬರುವವರು ಯಾರೆಂದು ಕ್ರಿಯಾಪದವೇ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ; "ಐ ವಿಲ್ ಕಮ್" ಎನ್ನಲೇಬೇಕು. ಹಾಗೆಂದು ಎರಡೆರಡು ಸಲವೂ ಬೇಡ. "ಮೈ ಫಾದರ್ ಹೀ ಈಸ್ ಎ ಟೀಚರ್" ಎಂಬಲ್ಲಿ ಹೀ ತೆಗೆಯಿರಿ.

ಹಂತ 2: ಐ ಬೇಕೋ, ಮೀ ಬೇಕೋ
ಕೆಲಸ ಮಾಡುವವರಿಗೆ ಐ, ಹೀ, ಶೀ, ವೀ, ದೇ. ನನ್ನನ್ನು, ಅವನಿಗೆ ಎನ್ನುವ ಕಡೆ ಮೀ, ಹಿಮ್, ಹರ್, ಅಸ್, ದೆಮ್. ಅನುಮಾನ ಬಂದರೆ ಜೊತೆಯ ಹೆಸರನ್ನು ತೆಗೆದು ಓದಿ. "ದಿ ಮ್ಯಾನೇಜರ್ ಕಾಲ್ಡ್ ರವಿ ಅಂಡ್ ಐ" ವಾಕ್ಯದಲ್ಲಿ ರವಿ ಹೋದರೆ "ಕಾಲ್ಡ್ ಐ" ಉಳಿಯುತ್ತದೆ. ತಪ್ಪು ಕಿವಿಗೇ ಗೊತ್ತಾಗುತ್ತದೆ. ಅಲ್ಲಿ ಮೀ ಬರಬೇಕು.

ಹಂತ 3: ಗೌರವಕ್ಕೆ ಬಹುವಚನ ಬೇಡ
ಹೆಚ್ಚು ಜನ ಎಡವುವುದು ಇಲ್ಲೇ. "ಮೇಡಂ ಮೀಟಿಂಗ್‌ನಲ್ಲಿದ್ದಾರೆ, ಅವರು ಆಮೇಲೆ ಸಿಗ್ತಾರೆ" ಎನ್ನುವ ನಾಲಿಗೆಗೆ ದೇ ತಾನಾಗಿ ಬರುತ್ತದೆ. ತಮಿಳಿನ ಅವಂಗ ಕೂಡ ಹೀಗೇ ಗೌರವದ ಬಹುವಚನ, ಹಾಗಾಗಿ ಪಕ್ಕದ ಸಹೋದ್ಯೋಗಿಯೂ ಇದೇ ತಪ್ಪು ಮಾಡಬಹುದು. ಮೇಡಂಗೆ ಶೀ, ಸಾಹೇಬರಿಗೆ ಹೀ. ಇದರಲ್ಲಿ ಅಗೌರವ ಏನೂ ಇಲ್ಲ. ಇಂಗ್ಲಿಷಿನ ಮರ್ಯಾದೆ ಪ್ಲೀಸ್, ಕುಡ್ ಯೂ ಇಂಥವುಗಳಲ್ಲಿದೆ. ಒಬ್ಬರಿಗೇ ದೇ ಬಳಸುವ ಸಂದರ್ಭವೂ ಉಂಟು: ಗಂಡೋ ಹೆಣ್ಣೋ ತಿಳಿಯದಾಗ, ಅಥವಾ ಆ ವ್ಯಕ್ತಿಯೇ ಹಾಗೆ ಬಯಸಿದಾಗ.

ವೀ ಬಗ್ಗೆಯೂ ಒಂದು ಮಾತು. ಕೇಳುವವರನ್ನು ಸೇರಿಸಿಕೊಂಡರೆ ತಮಿಳಿನಲ್ಲಿ ನಾಮ್, ಬಿಟ್ಟರೆ ನಾಂಗಳ್. ಇಂಗ್ಲಿಷಿನ ವೀ ನಮ್ಮ ನಾವು ಇದ್ದಂತೆ, ಎರಡಕ್ಕೂ ಒಂದೇ. ಹಾಗಾಗಿ ಗೊಂದಲವಾಗುವಂತಿದ್ದರೆ "ಯೂ ಅಂಡ್ ಐ" ಎಂದು ಬಿಡಿಸಿ ಹೇಳಿ. ಇಂಥ ಹೋಲಿಕೆಗಳಲ್ಲಿ ಆಸಕ್ತಿ ಹುಟ್ಟಿದರೆ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ತೆರೆಯಿರಿ; ಸರ್ವನಾಮಕ್ಕೇ ಅದರಲ್ಲೊಂದು ಭಾಗವಿದೆ. ಅವರ ಪ್ರತಿಮೆ ಮರೀನಾ ಬೀಚಿನಲ್ಲೇ ಇದೆ.

ಹಂತ 4: ಮೈಸೆಲ್ಫ್ ಎಂದು ಪರಿಚಯ ಬೇಡ
"ಮೈಸೆಲ್ಫ್ ಸುರೇಶ್" ಅಲ್ಲ, "ಐ ಆಮ್ ಸುರೇಶ್". ಮಾಡಿದವರ ಮೇಲೇ ಕೆಲಸ ತಿರುಗಿದಾಗ ಮೈಸೆಲ್ಫ್ ಸರಿ: "ಐ ಕಟ್ ಮೈಸೆಲ್ಫ್".

ಹಂತ 5: ಉಳಿದವು
ನಾಮಪದದ ಮೊದಲು ಮೈ, ಒಂಟಿಯಾಗಿ ನಿಂತರೆ ಮೈನ್. ಮನುಷ್ಯರಿಗೆ ಹೂ, ವಸ್ತುವಿಗೆ ವಿಚ್. ಎವ್ರಿಒನ್ ಏಕವಚನ, ಜೊತೆಗೆ ಈಸ್.

ಹಂತ 6: ಇಮೇಲ್ ಕಳಿಸುವ ಮುನ್ನ
ಪ್ರತಿ ಹೀ, ಶೀ, ಹರ್, ಇಟ್ ಯಾರನ್ನು ತೋರಿಸುತ್ತಿದೆ ನೋಡಿ. "ಪ್ರಿಯಾ ಟೋಲ್ಡ್ ಮೀನಾ ದಟ್ ಹರ್ ಫೈಲ್ ವಾಸ್ ಮಿಸ್ಸಿಂಗ್". ಫೈಲು ಯಾರದು? ಕನ್ನಡದಲ್ಲಿ "ತನ್ನ ಫೈಲು" ಎಂದರೆ ಪ್ರಿಯಾಳದೇ. ಇಂಗ್ಲಿಷಿನಲ್ಲಿ ಆ ಅನುಕೂಲ ಇಲ್ಲ. ಹರ್ ಅಳಿಸಿ ಹೆಸರನ್ನೇ ಬರೆಯಿರಿ.