ಓದು ಮುಗಿಸಿ ಮನೆಗೆ ಬಂದಾಗ

ಹೊರದೇಶದ ಓದು ಈಗ ಬೆಂಗಳೂರು, ಮಂಗಳೂರಿನವರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಭೀಮಾ ತೀರದ ನಮ್ಮ ಅಫಜಲಪುರದಂಥ ಊರುಗಳ ಮನೆಗಳಲ್ಲೂ ಅದರ ಮಾತು ಕೇಳಿಬರುತ್ತಿದೆ. ಹೊಲದ ಮೇಲೆ ಸಾಲ ತೆಗೆದೋ, ವಿದ್ಯಾರ್ಥಿವೇತನ ನಂಬಿಯೋ ಹೆತ್ತವರು ಮಕ್ಕಳನ್ನು ಕಳುಹಿಸುತ್ತಾರೆ. ಓದು ಮುಗಿಸಿ ಬಂದವರಿಗೆ ಊರವರ ಮೊದಲ ಪ್ರಶ್ನೆ ಒಂದೇ: "ಪಗಾರ ಎಷ್ಟದ?"

ಸಾಲ ತೀರಬೇಕಲ್ಲ, ಆ ಪ್ರಶ್ನೆ ತಪ್ಪಲ್ಲ. ಆದರೆ ಅದೊಂದನ್ನೇ ಕೇಳಿ ಸುಮ್ಮನಾದರೆ, ಇಷ್ಟು ವರ್ಷ ದೂರವಿದ್ದು ಆ ಮಗ ಅಥವಾ ಮಗಳು ಮನುಷ್ಯರಾಗಿ ಎಷ್ಟು ಬೆಳೆದರು ಎಂಬ ಲೆಕ್ಕ ಹಾಗೆಯೇ ಉಳಿದುಬಿಡುತ್ತದೆ. ಆ ಲೆಕ್ಕ ಹಾಕುವುದು ಹೇಗೆ? ಹೊರದೇಶದಲ್ಲಿ ಓದಿ ಬಂದ ಇಬ್ಬರು ಹಿರಿಯರ ಬದುಕನ್ನು ಗಮನಿಸೋಣ.

ದೂರದಿಂದ ಕಂಡ ಮನೆ

ತೀರ್ಥಹಳ್ಳಿ ಕಡೆಯ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದರು. 1966ರಲ್ಲಿ ಡಾಕ್ಟರೇಟ್ ಪಡೆದರು. ಆದರೆ ನಾಡು ಅವರನ್ನು ನೆನೆಯುವುದು ಆ ಪ್ರಬಂಧಕ್ಕಾಗಿ ಅಲ್ಲ, ಅಲ್ಲಿದ್ದಾಗಲೇ ಕನ್ನಡದಲ್ಲಿ ಬರೆದ 'ಸಂಸ್ಕಾರ' ಕಾದಂಬರಿಗಾಗಿ. ಸ್ವೀಡನ್ನಿನ ಬರ್ಗ್‌ಮನ್ ನಿರ್ದೇಶಿಸಿದ, ಮಧ್ಯಯುಗದ ಕಥೆಯುಳ್ಳ ಚಲನಚಿತ್ರವೊಂದನ್ನು ನೋಡಿದ ಮೇಲೆ ಗುರುಗಳಾದ ಮಾಲ್ಕಮ್ ಬ್ರಾಡ್ಬರಿಯವರೊಡನೆ ನಡೆದ ಮಾತು ಅದಕ್ಕೆ ಪ್ರೇರಣೆಯಾಯಿತೆಂದು ಅವರೇ ಹೇಳಿದ್ದಾರೆ. ಯುರೋಪಿನವರು ಓದಿ ತಿಳಿಯಬೇಕಾದ ಆ ಹಳೆಯ ಕಾಲ ನಮ್ಮ ಊರುಗಳಲ್ಲಿ ಇನ್ನೂ ಬದುಕಿದೆ ಎಂಬ ಅರಿವು ಅವರಿಗೆ ಬಂದಿತ್ತು.

ಊರಿನೊಳಗೇ ಇದ್ದಾಗ ಊರು ಕಾಣುವುದಿಲ್ಲ, ಅಭ್ಯಾಸವಷ್ಟೇ ಕಾಣುತ್ತದೆ. ದೂರ ಹೋದಾಗ ಅದರ ಹುಳುಕೂ ಕಾಣುತ್ತದೆ, ಆಳವೂ ಕಾಣುತ್ತದೆ. ಎರಡನ್ನೂ ಕಾಣುವುದೇ ಬೆಳವಣಿಗೆ. ಹುಳುಕನ್ನು ಮಾತ್ರ ಕಂಡವನು ಬಂದ ದಿನವೇ ಮೂಗು ಮುರಿಯುತ್ತಾನೆ. ಹಿರಿಮೆಯನ್ನು ಮಾತ್ರ ಕಂಡವನು ಹೋದಂತೆಯೇ ಹಿಂದಿರುಗುತ್ತಾನೆ.

ಆ ಕಾದಂಬರಿಯ ಪ್ರಾಣೇಶಾಚಾರ್ಯರೂ ಕಾಶಿಯಲ್ಲಿ ಓದಿ ಬಂದವರು. ಅವರ ಪಾಂಡಿತ್ಯಕ್ಕೆ ಎಲ್ಲರೂ ತಲೆಬಾಗುತ್ತಿದ್ದರು. ಆದರೆ ಅಗ್ರಹಾರದಲ್ಲಿ ಒಂದು ಸಾವು ಸಂಭವಿಸಿ, ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದಾಗ ಗ್ರಂಥಗಳಲ್ಲಿ ಉತ್ತರ ಸಿಗಲಿಲ್ಲ. ಅವರು ತಮ್ಮನ್ನು ತಾವು ನೋಡಿಕೊಳ್ಳಲು ತೊಡಗಿದ್ದು ಅಲ್ಲಿಂದ. ಪದವಿ ಮುಗಿದಲ್ಲಿ ಅರಿವು ಮುಗಿಯುವುದಿಲ್ಲ. ಎಷ್ಟೋ ಸಲ ಅದು ಆಗಷ್ಟೇ ಮೊದಲಾಗುತ್ತದೆ.

ಮಗ ಬೆಳೆದ, ಊರು ಬೆಳೆಯಲಿಲ್ಲ

ಎರಡನೆಯವರು ಡಾ. ಬಿ. ಆರ್. ಅಂಬೇಡ್ಕರ್. ಬರೋಡ ಮಹಾರಾಜರ ನೆರವಿನಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ 1916ರಲ್ಲಿ ಲಂಡನ್ನಿಗೂ ಹೋದರು. ತಾನು ಅಸ್ಪೃಶ್ಯನೆಂಬ ಭಾವವೇ ಆ ವರ್ಷಗಳಲ್ಲಿ ಮನಸ್ಸಿನಿಂದ ಅಳಿಸಿಹೋಗಿತ್ತೆಂದು ಅವರು ಬರೆದಿದ್ದಾರೆ. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ಉಳಿಯಲು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಒಂದು ವಸತಿಗೃಹದಲ್ಲಿದ್ದರು. ವಿಷಯ ತಿಳಿದ ಜನ ದೊಣ್ಣೆ ಹಿಡಿದು ಬಂದು ಹೊರಗಟ್ಟಿದರು. ಅಷ್ಟು ಓದಿದ ಮನುಷ್ಯ ಉದ್ಯಾನವನದಲ್ಲಿ ಕುಳಿತು ಕಣ್ಣೀರಿಟ್ಟರು.

ಪ್ರಿಯ ಹೆತ್ತವರೇ, ಈ ಪ್ರಸಂಗದಲ್ಲಿ ನಮಗೂ ಪಾಠವಿದೆ. ಮಕ್ಕಳು ಮಾತ್ರ ಬೆಳೆದರೆ ಸಾಲದು. ಜಾತಿ ಕೇಳದೆ ಗೆಳೆಯರೊಡನೆ ಒಂದೇ ಮನೆಯಲ್ಲಿ ಅಡುಗೆ ಮಾಡಿ ಉಂಡು ಬಂದ ಮಗನಿಗೆ, ಓಣಿಯಲ್ಲಿ ಯಾರ ಮನೆಯಲ್ಲಿ ನೀರು ಕುಡಿಯಬಾರದೆಂದು ನಾವು ಹೇಳಿಕೊಡುತ್ತೇವೆಯೇ? ಒಂಟಿಯಾಗಿ ಪರದೇಶದಲ್ಲಿ ಬಾಳಿ ತೋರಿಸಿದ ಮಗಳಿಗೆ ತನ್ನ ಮದುವೆಯ ವಿಷಯದಲ್ಲಿ ಮಾತನಾಡಲು ಬಿಡುವುದಿಲ್ಲವೇ? ಹಾಗಾದರೆ ಸಾಲ ಮಾಡಿ ಬೆಳೆಸಿದ್ದನ್ನು ನಮ್ಮ ಕೈಯಾರೆ ಚಿವುಟಿದಂತಾಯಿತು.

ಅರ್ಧಕ್ಕೆ ನಿಂತ ಓದು

ಎಲ್ಲರ ಓದೂ ಅಂದುಕೊಂಡಂತೆ ಮುಗಿಯುವುದಿಲ್ಲ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ನಮ್ಮ ರಾಜ್ಯದ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಪುಸ್ತಕ ಬಿಟ್ಟು ಜೀವ ಉಳಿಸಿಕೊಂಡು ಬಂದರು. ಅಂಥ ಮಕ್ಕಳನ್ನು 'ಸೋತವರು' ಎನ್ನಬೇಡಿ. ಅಂಬೇಡ್ಕರರ ಲಂಡನ್ ಓದೂ 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ಅರ್ಧಕ್ಕೆ ನಿಂತಿತ್ತು. ಮುಂಬಯಿಯಲ್ಲಿ ಪಾಠ ಹೇಳಿ ಹಣ ಕೂಡಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವನ್ನೂ ಪಡೆದು 1920ರಲ್ಲಿ ಅವರು ಮತ್ತೆ ಹೋದರು, 1923ರಲ್ಲಿ ಡಿ.ಎಸ್ಸಿ. ಪದವಿ ಗಳಿಸಿದರು.

ಇನ್ನೊಂದು ಮಾತು. ಬೆಳೆಯುವವರು ವಿಮಾನ ಹತ್ತಿದವರು ಮಾತ್ರವಲ್ಲ. ನಮ್ಮ ಭಾಗದಿಂದ ಪುಣೆ, ಮುಂಬಯಿಗೆ ಗುಳೆ ಹೋಗುವವರೂ ಪರಭಾಷೆ ಕಲಿಯುತ್ತಾರೆ, ಪರರ ನಡುವೆ ಬಾಳಲು ಕಲಿಯುತ್ತಾರೆ. ಓದಿ ಬಂದವರು ಅವರ ಜೊತೆ ಕಟ್ಟೆಯ ಮೇಲೆ ಕುಳಿತು ಅನುಭವ ಹಂಚಿಕೊಳ್ಳಬಲ್ಲರಾದರೆ, ಓದು ಅವರ ತಲೆಗೇರಿಲ್ಲ, ಮನಸ್ಸಿಗೆ ಇಳಿದಿದೆ ಎಂದು ತಿಳಿಯಬಹುದು.

ಮನೆಯಲ್ಲಿ ಕುಳಿತು ಕೇಳಿಕೊಳ್ಳಿ

ಓದು ಮುಗಿಸಿ ಬಂದವರು ಒಂದು ಸಂಜೆ ಬಿಡುವು ಮಾಡಿಕೊಂಡು ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಲಿ:

1. ನನ್ನ ಊರಿನ ಬಗ್ಗೆ ಹೋಗುವಾಗ ತಿಳಿಯದಿದ್ದ ಯಾವ ಒಳ್ಳೆಯದು, ಯಾವ ಕೆಟ್ಟದ್ದು ಈಗ ಕಾಣುತ್ತಿದೆ?

2. ಅಲ್ಲಿ ನನಗಿಂತ ಭಿನ್ನರಾದವರಿಂದ ಏನು ಕಲಿತೆ? ಅದನ್ನು ಇಲ್ಲಿ ಹೇಗೆ ಬಾಳುತ್ತೇನೆ?

3. ನನ್ನ ಓದಿಗಾಗಿ ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು? ಅವರಿಗೆ ನಾನು ಹಣವಲ್ಲದೆ ಇನ್ನೇನು ಕೊಡಬಲ್ಲೆ?

ಹೆತ್ತವರಿಗೆ ಒಂದೇ ಪ್ರಶ್ನೆ: ಮಗುವಿನ ಜೊತೆ ಬೆಳೆಯಲು ನಾವು ಸಿದ್ಧರಿದ್ದೇವೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ಅವಸರ ಬೇಡ. ಓದಿಸಲೆಂದು ತನ್ನ ಓದನ್ನೇ ಬಿಟ್ಟ ಅಕ್ಕನೋ ತಮ್ಮನೋ ಅನೇಕ ಮನೆಗಳಲ್ಲಿದ್ದಾರೆ. ಪದವಿಪತ್ರಕ್ಕೆ ಚೌಕಟ್ಟು ಹಾಕಿಸುವ ಮೊದಲು ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ.